ಹಳದಿ ದಾರ ಹಚ್ಚಿದ ತೊಲೆ

ನಾನು ನಿಂತಿದ್ದದ್ದು ನಮ್ಮ ಓಣಿಯ ಅಕ್ಕನ ಮನೆಯ ತಲಬಾಗಿಲಿನ ಹೊರಗೆ, ಹೊಸ್ತಿಲಿನ ಬಲಗಡೆ, ಗೋಡೆಗೆ ಸೇರಿದ ಕಲ್ಲುಕಟ್ಟೆಗೆ ಮೊಣಕಾಲು ತಾಗಿಸಿಕೊಂಡು. ಅಲ್ಲಿಂದ ಪಡಸಾಲೆ ಪೂರ್ತಿ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ತೊಲೆಯ ಅರ್ಧ ಭಾಗ, ಅದಕ್ಕೆ ಆಸರೆಯಾಗಿ ನಿಲ್ಲಿಸಿದ್ದ ಬೇವಿನ ಕಂಬ, ಬಾಗಿಲಿಗೆ ಹತ್ತಿರವಿದ್ದ ಹೊಲಿಗೆಯ ಎರಡು ಪವರ್ ಮಷೀನು. ಹೊತ್ತು ಮಧ್ಯಾಹ್ನ, ಊಟಕ್ಕೆ ಬಿಡುವ ವೇಳೆ ಮೀರಿತ್ತು. ದೀಪಾವಳಿ ಹತ್ತಿರ ಬಂದಿತ್ತು. ಹಿಂದಿನ ವಾರ ಹಿಡಿದುಕೊಂಡಿದ್ದ ಮಳೆ ಬಿಟ್ಟು, ರಾಯದುರ್ಗದ ಮೇಲೆ ಅಂದು ಚುರುಕು ಬಿಸಿಲು ಬಿದ್ದಿತ್ತು. ಇಷ್ಟನ್ನು ಮೊದಲೇ ಹೇಳುತ್ತಿರುವುದು ನಾನು ಎಲ್ಲವನ್ನೂ ನೋಡಲಿಲ್ಲ ಎಂಬ ಕಾರಣಕ್ಕೆ. ನೋಡಿದ್ದನ್ನಷ್ಟೇ ಬರೆಯುತ್ತೇನೆ.

ಬರೆಯಲೇಬೇಕು ಅನ್ನಿಸಿದ್ದು ಅಕ್ಕನ ಹನ್ನೊಂದನೆಯ ದಿನದ ಊಟದಲ್ಲಿ. ಅವರು ತೀರಿಕೊಂಡದ್ದು ಮಡಕಶಿರದ ಹತ್ತಿರ, ಮಗಳ ಮನೆಯಲ್ಲಿ. ನಾನೂ ನನ್ನ ಹೆಂಡತಿ ಸುಜಾತಾಳೂ ಹೋಗಿದ್ದೆವು. ಎಲೆಯ ಮುಂದೆ ಕೂತಾಗ ಅಕ್ಕನ ಮೈದುನ, ಅಂದರೆ ಗಂಡನ ತಮ್ಮ, ಅನ್ನ ಕಲಸುತ್ತಲೇ, "ಇದ್ದ ಒಂದು ಮನೀನ ಕೈಯಾರೆ ಕೆಡವಿದ ಹೆಣ್ಣುಮಗಳು. ಸತ್ತವರನ್ನ ಏನ್ ಅನ್ನೋದು ಬಿಡ್ರಿ" ಎಂದರು. ಪಂಕ್ತಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ಸುಜಾತಾ ನನ್ನ ಕಡೆ ನೋಡಿದಳು.

ಅವರು ಹೇಳಿದ್ದು ಸುಳ್ಳಲ್ಲ. ಕಷ್ಟ ಇರುವುದೇ ಅಲ್ಲಿ. ಮನೆಯನ್ನು ಕೆಡವಿದ್ದು ಅಕ್ಕನೇ, ಕೈಯಾರೆ, ನಾನು ನೋಡುತ್ತಿದ್ದಂತೆಯೇ. ಆದರೆ ಇಷ್ಟು ಮಾತ್ರ ಹೇಳಿ ಬಿಟ್ಟರೆ ಅದು ನಡೆದದ್ದಲ್ಲ.

ಹೆಸರು ಬರೆಯುವುದಿಲ್ಲ. ಬೇಡವೆಂದು ಮಗಳು ಕೇಳಿಕೊಂಡಿದ್ದಾಳೆ. ನಮ್ಮ ಓಣಿಗೆ ಅವರು ಅಕ್ಕ, ಅಷ್ಟು ಸಾಕು.

ಆಗ ನನ್ನ ಕೆಲಸ ಬಂಡಲು ಹೊರುವುದು. ಮಾಲೀಕರ ಕಡೆಯಿಂದ ಕತ್ತರಿಸಿದ ಜೀನ್ಸ್ ತುಂಡುಗಳನ್ನು ಸೈಕಲ್ಲಿನ ಮೇಲೆ ಮನೆಮನೆಗೆ ಮುಟ್ಟಿಸುವುದು, ಹೊಲಿದ ಪ್ಯಾಂಟುಗಳನ್ನು ಸಂಜೆ ವಾಪಸು ಒಯ್ಯುವುದು. ನಮ್ಮ ಊರಿನ ಅರ್ಧ ಗಂಡಸರು ಆಗ ಬಳ್ಳಾರಿಯಲ್ಲೋ ಬೆಂಗಳೂರಿನಲ್ಲೋ ಗಾರ್ಮೆಂಟ್ಸಿನಲ್ಲಿದ್ದರು. ಉಳಿದ ಹೆಂಗಸರು ಇಲ್ಲೇ ಪಡಸಾಲೆಗಳಲ್ಲಿ ಮಷೀನು ಹಾಕಿಕೊಂಡು ಕೂತಿದ್ದರು. ಅಕ್ಕನ ಗಂಡ ಬೆಂಗಳೂರಿನಲ್ಲಿ ಕಟಿಂಗ್ ಮಾಸ್ಟರು, ಹಬ್ಬಕ್ಕೆ ಬಂದು ಹೋಗುತ್ತಿದ್ದರು. ಅಕ್ಕನ ಪಡಸಾಲೆಯಲ್ಲಿ ನಾಲ್ಕು ಮಷೀನು ಓಡುತ್ತಿದ್ದವು. ಒಂದಕ್ಕೆ ಅಕ್ಕ, ಒಂದಕ್ಕೆ ಸುಜಾತಾ, ಒಂದಕ್ಕೆ ಪಕ್ಕದ ಓಣಿಯ ಶಂಷಾದ್, ಇನ್ನೊಂದಕ್ಕೆ ಗುಮ್ಮಘಟ್ಟದಿಂದ ದಿನಾ ಆಟೋದಲ್ಲಿ ಬರುತ್ತಿದ್ದ ಈರಮ್ಮ. ಈರಮ್ಮ ತನ್ನ ಮಷೀನನ್ನು ತಾನೇ ಕೊಂಡಿದ್ದಳು, ಕುರಿ ಮಾರಿ. ಊರಲ್ಲಿ ಕರೆಂಟು ಸರಿಯಿಲ್ಲವೆಂದು ಅದನ್ನು ಇಲ್ಲಿ ಇಟ್ಟಿದ್ದಳು.

ಅಕ್ಕನ ಮಷೀನಿನ ಪಕ್ಕದಲ್ಲಿ ಇನ್ನೊಂದು ವಸ್ತು ಇರುತ್ತಿತ್ತು. ಹಳೆಯ ಕಾಲುಮಷೀನಿನ ಕಮಾನಾಕಾರದ ಮರದ ಮುಚ್ಚಳ. ಅದನ್ನು ಅಂಗಾತ ಇಟ್ಟು, ಎರಡು ಕಡೆ ಹಿಡಿಕೆ ಬಡಿದು, ಸಾಮಾನಿನ ಡಬ್ಬಿ ಮಾಡಿಕೊಂಡಿದ್ದರು. ಸುತ್ತಿಗೆ, ಉಳಿ, ಬೋಲ್ಟು ಬಿಗಿಯುವ ಪಾನಾ, ಕಟಿಂಗ್ ಪ್ಲೇಯರ್, ಟೆಸ್ಟರ್, ಸೈಕಲ್ ಟ್ಯೂಬಿನ ಪಟ್ಟಿಗಳು, ಮೇಣದ ಬತ್ತಿಯ ತುಂಡು. ಕೆಳಗೆ ಇಟ್ಟರೆ ತೊಟ್ಟಿಲಿನಂತೆ ತೂಗುತ್ತಿತ್ತು. ಯಾರಾದರೂ ಕೈ ಹಾಕಿದರೆ ತಲೆ ಎತ್ತದೆಯೇ, "ಕೈ ತೆಗಿ" ಎನ್ನುತ್ತಿದ್ದರು. ಕೇಳಿದರೆ ಕೊಡುತ್ತಿದ್ದರು. ಟೆಸ್ಟರಿನಿಂದ ಬಣ್ಣದ ಡಬ್ಬಿಯ ಮುಚ್ಚಳ ತೆಗೆದವನಿಗೆ ಮಾತ್ರ ಎರಡನೇ ಸಲ ಕೊಡುತ್ತಿರಲಿಲ್ಲ.

ಓಣಿಯ ಹರಿದ ಹವಾಯಿ ಚಪ್ಪಲಿಗಳೆಲ್ಲ ಅವರಿಗೆ ಸೇರುತ್ತಿದ್ದವು. ಅಟ್ಟೆಯನ್ನು ಗುಂಡಗೆ ಕತ್ತರಿಸಿ, ಸೋರುವ ನಲ್ಲಿಗಳಿಗೆ ವಾಷರು ಹಾಕುತ್ತಿದ್ದರು. "ಅಕ್ಕಾ, ನಿಮ್ಮ ಮನಿ ನೀರು ಕುಡಿದ್ರ ನನ್ನ ಹಳೇ ಚಪ್ಪಲಿ ನೆನಪಾಗ್ತೈತಿ" ಎಂದು ಶಂಷಾದ್ ಕೀಟಲೆ ಮಾಡುತ್ತಿದ್ದಳು. "ನಿನ್ನ ಚಪ್ಪಲಿ ಊರು ಸುತ್ತೋದು ಬಿಟ್ಟು ಈಗ ಕೆಲಸಕ್ಕ ಬಂದೈತಿ, ನೀನೂ ಬಾ" ಎಂದು ಅಕ್ಕ ಹೊಲಿಯದೆ ಬಿದ್ದಿದ್ದ ಅವಳ ಬಂಡಲಿನ ಕಡೆ ಗಲ್ಲ ತೋರಿಸುತ್ತಿದ್ದರು.

ಎಲ್ಲವೂ ಅವರ ಕೈಗೆ ಬಗ್ಗುತ್ತಿತ್ತು ಅಂತಲ್ಲ. ನಮ್ಮ ಮಿಕ್ಸಿ ರಿಪೇರಿ ಮಾಡಿ ಕೊಟ್ಟರು. ಸುಜಾತಾ ಚಟ್ನಿಗೆ ಹಾಕಿದಳು. ಅದು ಉಲ್ಟಾ ತಿರುಗಿ, ಜಾರು ಸಡಿಲಾಗಿ, ಚಟ್ನಿಯೆಲ್ಲ ಗೋಡೆಯ ಕ್ಯಾಲೆಂಡರಿಗೆ ಸಿಡಿಯಿತು. ಅಕ್ಕ ಬಂದು ಗೋಡೆಯನ್ನೂ ಮಿಕ್ಸಿಯನ್ನೂ ನೋಡಿ, "ಮೊದಲು ತಿರುಗ್ತಿರಲಿಲ್ಲ, ಈಗ ತಿರುಗ್ತೈತಿ. ಯಾ ಕಡೆ ಅಂಬೋದು ನಾಳಿ ನೋಡೋಣು" ಎಂದರು. ತಪ್ಪಾಯಿತು ಅನ್ನುವ ಮಾತು ಅವರ ಬಾಯಿಂದ ಸುಲಭವಾಗಿ ಬರುತ್ತಿರಲಿಲ್ಲ.

ಮಳೆಗಾಲದಲ್ಲಿ ಬಾಗಿಲು ಉಬ್ಬಿ ಹಿಡಿದುಕೊಂಡರೆ ನಾವೆಲ್ಲ ಬಡಗಿಯನ್ನು ಕರೆಯಲು ಹೊರಡುತ್ತಿದ್ದೆವು. ಅಕ್ಕ ಬಿಡುತ್ತಿರಲಿಲ್ಲ. "ಈಗ ಕೆತ್ತಿದ್ರ ಬ್ಯಾಸಗ್ಯಾಗ ಸಂದಿ ಬೀಳ್ತೈತಿ. ಹಾವು ಬರ್ತೈತಿ. ತಡಿ" ಎಂದು ಬಾಗಿಲಿನ ಅಂಚಿಗೆ ಮೇಣ ಉಜ್ಜಿ ಕೊಡುತ್ತಿದ್ದರು. ಯಾವ ವಸ್ತುವಾದರೂ ಸರಿ, ಮೊದಲು ಅದರ ಮೇಲೆ ಅಂಗೈ ಅಗಲವಾಗಿ ಇಟ್ಟು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ. ಮೋಟರಾದರೂ ಹಾಗೆಯೇ, ಗೋಡೆಯಾದರೂ ಹಾಗೆಯೇ.

ಅವರ ಮುಖದಲ್ಲಿ ಸದಾ ಒಂದು ಕಳವಳ ಇರುತ್ತಿತ್ತು. ನಗುವಾಗಲೂ ಕಣ್ಣು ಎಲ್ಲೋ ಒಂದು ಮೊಳೆಯ ಮೇಲೆ, ಒಂದು ವೈರಿನ ಮೇಲೆ ಇರುತ್ತಿತ್ತು. ಅದರ ಮೂಲ ನನಗೆ ತಿಳಿದದ್ದು ತಡವಾಗಿ. ಮದುವೆಯಾದ ಹೊಸದರಲ್ಲಿ ಅವರೂ ಗಂಡನ ಜೊತೆ ಬೆಂಗಳೂರಿನ ಒಂದು ಫ್ಯಾಕ್ಟರಿಯಲ್ಲಿ ಹೊಲಿಯುತ್ತಿದ್ದರಂತೆ. ಮೆಟ್ಟಿಲಿನ ಕಂಬಿಯ ಒಂದು ಬೋಲ್ಟು ಅಲ್ಲಾಡುತ್ತಿತ್ತಂತೆ. "ದಿನಾ ಇಳಿಯಾಗ ಕೈಗೆ ಗೊತ್ತಾಗ್ತಿತ್ತು ತಮ್ಮಾ. ಕಂಪನಿಯವರ ಕೆಲಸ ಅದು, ನಂದೇನು ಅಂದ್ಕೊಂಡೆ" ಎಂದರು. ಒಂದು ಸಂಜೆ ಶಿಫ್ಟು ಬಿಟ್ಟಾಗ ನೂಕುನುಗ್ಗಲಿನಲ್ಲಿ ಕಂಬಿ ಕಿತ್ತು ಬಂತು. ಒಬ್ಬ ಹುಡುಗಿ ಕೆಳಗೆ ಬಿದ್ದಳು, ಸೊಂಟ ಮುರಿಯಿತು. ಅಕ್ಕ ಕೆಲಸ ಬಿಟ್ಟು ರಾಯದುರ್ಗಕ್ಕೆ ಬಂದರು. ಮೊದಲು ಕೊಂಡದ್ದು ಒಂದು ಪಾನಾ.

ಇನ್ನು ಆ ಮನೆ. ನಮ್ಮ ಕಡೆಯ ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆ. ಗೋಡೆಯಿಂದ ಗೋಡೆಗೆ ಒಂದು ದಪ್ಪ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿಗಳು, ಜಂತಿಯ ಮೇಲೆ ಕಟ್ಟಿಗೆಯ ಸೀಳು, ಅದರ ಮೇಲೆ ಮಣ್ಣು. ಎಲ್ಲಕ್ಕಿಂತ ಮೇಲೆ ಸವುಳು ಮಣ್ಣು, ಏನೂ ಬೆಳೆಯದ ಉಪ್ಪು ನೆಲದಿಂದ ತರುವ ಬಿಳಿಚು ಮಣ್ಣು. ಮಳೆ ಬಿದ್ದರೆ ಅದು ಬಿಗಿದುಕೊಂಡು ನೀರನ್ನು ಕೆಳಗೆ ಬಿಡುವುದಿಲ್ಲ. ಮುಂಗಾರಿಗೆ ಮುಂಚೆ ಹೊಸ ಸವುಳು ಹೊದಿಸುವುದು ವರ್ಷವರ್ಷದ ರೂಢಿ. ಹಳೆಯದನ್ನು ಕೆರೆದು ತೆಗೆಯುವ ರೂಢಿ ಇಲ್ಲ. ಹೊದಿಸಿದ ಮೇಲೆ ಸೋರುವುದಿಲ್ಲ, ಸೋರದಿದ್ದರೆ ಯಾರೂ ಮೇಲೆ ನೋಡುವುದಿಲ್ಲ.

ಅಕ್ಕನ ಮಾಳಿಗೆ ಇಡೀ ಓಣಿಯಲ್ಲಿ ಸೋರದ ಮಾಳಿಗೆ. ಅದು ಅವರ ಹೆಮ್ಮೆ. ಬುಟ್ಟಿಬುಟ್ಟಿ ಸವುಳನ್ನು ತಾವೇ ಏಣಿ ಹತ್ತಿ ಹೊತ್ತು ಹಾಕುತ್ತಿದ್ದರು. "ನಮ್ಮ ಮನಿಯಾಗ ಮಳಿ ಬಂದದ್ದು ಗೊತ್ತಾಗಬೇಕಂದ್ರ ಹೊರಗ ಹೋಗಿ ನೋಡಬೇಕು" ಎನ್ನುತ್ತಿದ್ದರು.

ಮಳೆಗಾಲ ಇನ್ನೂ ಮುಗಿಯದ ಒಂದು ದಿನ ಅವರು ಎದುರು ಮನೆಯ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದರು. ಪಕ್ಕದಲ್ಲಿ ಆ ಮನೆಯ ತಿಪ್ಪೇಸ್ವಾಮಿ ತಾತ ಕೂತಿದ್ದರು. ನಾನು ಬಂಡಲು ಇಳಿಸುತ್ತಿದ್ದೆ. ಅಕ್ಕ ತಲೆ ಎತ್ತಿದವರು ಅಗಿಯುವುದನ್ನು ನಿಲ್ಲಿಸಿದರು.

"ತಮ್ಮಾ, ನಮ್ಮ ಮಾಳಿಗೀಗೆ ದೋಣಿ ಯಾಕ ಮೂರದಾವ?"

ಮಾಳಿಗೆಯ ನೀರು ಹೊರಗೆ ಬೀಳಲು ಗೋಡೆಯಲ್ಲಿ ಇಡುವ ಕಲ್ಲಿಗೆ ನಾವು ದೋಣಿ ಎನ್ನುತ್ತೇವೆ. ಅವರ ಗೋಡೆಯಲ್ಲಿ ಒಂದರ ಮೇಲೊಂದು ಮೂರು ಇದ್ದವು. ನಾನು ದಿನಾ ನೋಡುತ್ತಿದ್ದವೇ. "ಚಂದಕ್ಕ ಇಟ್ಟಿರಬೇಕ್ರಿ" ಎಂದೆ.

"ಚಂದಕ್ಕಲ್ಲಲೇ" ಎಂದರು ತಾತ. "ಕೆಳಗಿಂದು ಇವರ ಮಾವನ ಅಪ್ಪ ಇಟ್ಟದ್ದು. ಮಣ್ಣು ಏರಿ ಅದು ಮುಚ್ಚಿತು, ಅದಕ್ಕ ನಡುವಿಂದು ಇಟ್ರು. ಅದೂ ಮುಚ್ಚಿತು."

ಅಕ್ಕ ರೊಟ್ಟಿ ಕೆಳಗಿಟ್ಟು ಕೈ ಒರೆಸಿಕೊಂಡು ಏಣಿ ಹತ್ತಿದರು. ಒಂದು ಕಬ್ಬಿಣದ ಸಲಾಕೆಯನ್ನು ಮಾಳಿಗೆಗೆ ಊರಿ ಒತ್ತಿದರು. ಅದು ಒಳಕ್ಕೆ ಹೋಗುತ್ತಲೇ ಇತ್ತು. ಕೊನೆಗೆ ಹಿಡಿದ ಕೈಯೇ ಮಣ್ಣಿಗೆ ತಾಗಿತು. ಇಳಿದು ಬಂದು ಸಲಾಕೆಯನ್ನು ಗೋಡೆಗೆ ಒರಗಿಸಿದರು. "ಇಷ್ಟು ಭಾರ ನಾನ ಹೊತ್ತು ಹಾಕೀನಿ" ಎಂದರು. ಅವತ್ತೇ ಟಾರ್ಚು ಹಿಡಿದು ತೊಲೆಯ ಉದ್ದಕ್ಕೂ ನೋಡಿದರು. ಹೊಗೆ ಹಿಡಿದು ಕಪ್ಪಾಗಿದ್ದ ತೊಲೆಯ ನಡುಭಾಗದಲ್ಲಿ, ಕೆಳಮೈಯಲ್ಲಿ ಒಂದು ಬಿರುಕು ಸಿಕ್ಕಿತು.

ಅಲ್ಲಿಂದ ಮುಂದಿನ ದಿನಗಳಲ್ಲಿ ನಾನು ಆ ಪಡಸಾಲೆಗೆ ನೆಮ್ಮದಿಯಿಂದ ಕಾಲಿಟ್ಟದ್ದಿಲ್ಲ. ನನ್ನ ಹೆಂಡತಿ ಕೂರುವ ಮಷೀನು ತೊಲೆಯ ನೇರ ಕೆಳಗಿತ್ತು.

ಅಕ್ಕ ತಮಗೆ ತಿಳಿದದ್ದನ್ನೆಲ್ಲ ಮಾಡಿದರು. ಬಸ್ ಸ್ಟ್ಯಾಂಡಿನ ಹತ್ತಿರದ ಶೆಡ್ಡಿನಿಂದ ಹಳೆಯ ಲಾರಿ ಜಾಕಿ ತಂದರು. ಅಗಲ ಬಂಡೆಯ ಮೇಲೆ ಜಾಕಿ, ಜಾಕಿಯ ಮೇಲೆ ಬೇವಿನ ಕಂಬ, ಕಂಬದ ತಲೆ ಬಿರುಕಿನ ಪಕ್ಕ. ಜಾಕಿಯನ್ನು ತಿರುಗಿಸುವಾಗ ಅಂಗೈಯನ್ನು ಕಂಬದ ಮೇಲೆ ಇಟ್ಟುಕೊಂಡು, ತೊಲೆ ಒಂದಿಷ್ಟು ಮೇಲೇಳುವ ಮೊದಲೇ ನಿಲ್ಲಿಸಿದರು. "ಬಿಗಿ ಮಾಡೋದು ಎಲ್ಲರಿಗೂ ಬರ್ತೈತಿ. ಎಲ್ಲಿ ನಿಲ್ಲಿಸಬೇಕು ಅಂಬೋದ ಕಷ್ಟ" ಎಂದರು.

ಆಮೇಲೆ ದಾರ ಹಚ್ಚಿದರು. ಜೀನ್ಸಿನ ಮೇಲ್ಹೊಲಿಗೆಗೆ ಹಾಕುವ ದಪ್ಪ ಹಳದಿ ದಾರವನ್ನು ಗೇಣುದ್ದ ಕತ್ತರಿಸಿ, ಬಿರುಕಿಗೆ ಅಡ್ಡವಾಗಿ, ಎರಡು ತುದಿಗೂ ಗಟ್ಟಿ ಅಂಟು ಹಾಕಿ ಅಂಟಿಸಿದರು. ಹೀಗೆ ಮೂರು ಕಡೆ. ಬಿರುಕು ಅಗಲವಾದರೆ ದಾರ ಹರಿಯುತ್ತದೆ, ಹರಿದರೆ ಗೊತ್ತಾಗುತ್ತದೆ, ಇದು ಅವರ ಲೆಕ್ಕಾಚಾರ. ದಿನಾ ಬೆಳಿಗ್ಗೆ ಕರೆಂಟಿನ ಮೇನ್ ಹಾಕುವ ಮುಂಚೆ ಸ್ಟೂಲು ಹತ್ತಿ ದಾರ ನೋಡುತ್ತಿದ್ದರು. "ಅಕ್ಕಾ, ಏನಂತೈತ್ರಿ ನಿಮ್ಮ ತೊಲಿ? ಚಾ ಕುಡೀತೈತಂತೇನು?" ಎಂದು ಈರಮ್ಮ ಕೇಳುತ್ತಿದ್ದಳು. ಮಧ್ಯಾಹ್ನ ಇನ್ನೊಂದು ಕ್ರಮ. ಊಟಕ್ಕೆ ಬಿಡುವಾಗ ಅಕ್ಕ ಮೇನ್ ತೆಗೆದು, "ಉಸಿರು ಬಿಡಬ್ಯಾಡ್ರಿ" ಎನ್ನುತ್ತಿದ್ದರು. ನಾಲ್ಕು ಮೋಟರಿನ ಗದ್ದಲ ನಿಂತ ಆ ಮೌನದಲ್ಲಿ ಕತ್ತು ಎತ್ತಿ ಕಿವಿಗೊಟ್ಟು ನಿಲ್ಲುತ್ತಿದ್ದರು. ನಾವೂ ನಿಲ್ಲುತ್ತಿದ್ದೆವು. ಮೊದಮೊದಲು ಶಂಷಾದಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಆಮೇಲೆ ಅವಳೂ ನಗುವುದನ್ನು ಬಿಟ್ಟಳು.

ಕೆಲಸ ನಿಲ್ಲಿಸಬಹುದಿತ್ತಲ್ಲ ಎಂದು ಈಗ ಕೇಳುವವರಿದ್ದಾರೆ. ಅಕ್ಕ ನಿಲ್ಲಿಸುತ್ತೇನೆ ಎಂದರು. ಒಪ್ಪದವರು ಹೆಂಗಸರೇ. ಹಬ್ಬದ ಮಾಲು ಬರುವುದು ವರ್ಷಕ್ಕೊಮ್ಮೆ. ಗಂಡನಿಗೆ ಬೂತಿನಿಂದ ಫೋನು ಮಾಡಿದರು. "ಹಬ್ಬಕ್ಕ ಬರ್ತೀನಿ, ಗೌಂಡೀನ ಕರೆಸಿ ಮಾಳಿಗಿ ಸರಿ ಮಾಡಿಸೋಣು, ಅಲ್ಲೀತನಕ ನೀ ಕೈ ಹಚ್ಚಬ್ಯಾಡ" ಎಂದರಂತೆ. ಮೈದುನ ಬಂದು ತೊಲೆಗೆ ಕೋಲಿನಿಂದ ಬಡಿದು ನೋಡಿ, "ನಮ್ಮ ಮುತ್ತಾತನ ಕಾಲದ ತೊಲಿ ಇದು. ನಿನ್ನ ದಾರ ಕಟ್ಟಿ ನಿಲ್ಲಿಸಬೇಕೇನು ಅತ್ತಿಗಿ?" ಎಂದು ನಕ್ಕು ಹೋದರು. ಅಕ್ಕ ಸಂಜೆ ಕೆಲಸ ಬಿಟ್ಟ ಮೇಲೆ ಒಬ್ಬರೇ ಮಾಳಿಗೆ ಹತ್ತಿ ಸವುಳು ಕೆರೆಯತೊಡಗಿದರು. ಒಂದೇ ಕಡೆ ತೆಗೆದರೆ ಭಾರ ಓರೆಯಾಗುತ್ತದೆ ಎಂದು ಎರಡೂ ಬದಿಯಿಂದ ಸ್ವಲ್ಪಸ್ವಲ್ಪವೇ. ಅಷ್ಟರಲ್ಲಿ ಮಳೆ ಹಿಡಿಯಿತು. ಪ್ಲಾಸ್ಟಿಕ್ ಹಾಳೆ ಹೊದಿಸಿದರು, ಗಾಳಿ ಅದನ್ನು ಹಾರಿಸಿತು. ಕೆರೆದು ಸಡಿಲವಾಗಿದ್ದ ಮಣ್ಣು ನೀರು ಕುಡಿಯಿತು.

ಮಳೆ ಬಿಟ್ಟು ಬಿಸಿಲು ಬಂದ ಆ ದಿನ ಬೆಳಿಗ್ಗೆ ಮೂರು ದಾರವೂ ನೆಟ್ಟಗಿದ್ದವು. ಒಂದೂ ಹರಿದಿರಲಿಲ್ಲ. ನಾನೇ ಸ್ಟೂಲು ಹಿಡಿದಿದ್ದೆ. ಅಕ್ಕ ಸ್ಟೂಲಿನಿಂದ ಇಳಿಯುವಾಗ ಏನೋ ಯೋಚಿಸುತ್ತಿದ್ದರು, ಆದರೆ ಮೇನ್ ಹಾಕಿದರು.

ಮಧ್ಯಾಹ್ನ ನಾನು ಖಾಲಿ ಸೈಕಲ್ಲು ತಳ್ಳಿಕೊಂಡು ಬರುವ ಹೊತ್ತಿಗೆ ಮೋಟರುಗಳು ನಿಂತವು. ಹೊಸ್ತಿಲ ಹತ್ತಿರ ನಿಂತೆ. ಅಕ್ಕ ಸ್ಟೂಲು ಹತ್ತಿ ನಡುವಿನ ದಾರವನ್ನು ಉಗುರಿನಿಂದ ಮೀಟಿದರು. ಅದು ತಂಬೂರಿಯ ತಂತಿಯಂತೆ ಸದ್ದು ಮಾಡಿತು. ನನಗೆ ಬಾಗಿಲಿನವರೆಗೂ ಕೇಳಿಸಿತು. ಅಕ್ಕ ತಮ್ಮ ಮಷೀನಿನ ಮೇಲಿದ್ದ ಅದೇ ದಾರದ ಉಂಡೆಯನ್ನು ನೋಡಿದರು. ಆ ದಾರ ಹರಿಯುವ ದಾರವಲ್ಲ. ನೂಲಿನದಲ್ಲ, ಎಳೆದರೆ ಹಿಗ್ಗುವಂಥದ್ದು. ಕೂತು ಎದ್ದರೂ ಹೊಲಿಗೆ ಬಿಡಬಾರದೆಂದೇ ಅದನ್ನು ಪ್ಯಾಂಟಿಗೆ ಹಾಕುವುದು. ಬಿರುಕು ಅಗಲವಾಗುತ್ತಲೇ ಇತ್ತು, ದಾರ ಹಿಗ್ಗುತ್ತಲೇ ಇತ್ತು. ಜೀವಮಾನವೆಲ್ಲ ಆ ದಾರದಲ್ಲಿ ಹೊಲಿದವರು ಅದನ್ನೇ ಮರೆತಿದ್ದರು.

ಆಗ ತೊಲೆಯಿಂದ ಒಂದು ಸದ್ದು ಬಂತು. ದೊಡ್ಡದಲ್ಲ, ಬೆರಳ ನೆಟಿಕೆ ತೆಗೆದಷ್ಟು. ಅದರ ಹಿಂದೆಯೇ ಸುಜಾತಾಳ ಮಷೀನಿನ ಮೇಲೆ ಸಣ್ಣ ಧಾರೆಯಾಗಿ ಮಣ್ಣು ಸುರಿಯಿತು.

"ಎದ್ದು ಹೊರಗ ನಡೀರಿ. ಡಬ್ಬಿ ಬಿಡ್ರಿ, ಚಪ್ಪಲಿ ಬಿಡ್ರಿ. ನಡೀರಿ."

ಆ ದನಿಗೆ ಯಾರೂ ಎದುರಾಡಲಿಲ್ಲ. ಮೂವರೂ ಬರಿಗಾಲಲ್ಲಿ ಓಡಿ ಬಂದರು, ಹಿಂದೆ ಅಕ್ಕ. ಓಣಿಯಲ್ಲಿ ನಿಂತು ಮನೆಯನ್ನೇ ನೋಡಿದೆವು.

ಏನೂ ಆಗಲಿಲ್ಲ. ಇದನ್ನು ಒತ್ತಿ ಬರೆಯಬೇಕು. ಬಹಳ ಹೊತ್ತು ಏನೂ ಆಗಲಿಲ್ಲ. ಮಣ್ಣು ಸುರಿಯುವುದೂ ನಿಂತಿತು. ಬಿಸಿಲಿನಲ್ಲಿ ಕಾಲು ಸುಡತೊಡಗಿತು. ಹಸಿವಾಯಿತು. ಹೆದರಿಕೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟಾಯಿತು. ಸಂಜೆಯೊಳಗೆ ಮಾಲು ಮುಟ್ಟಿಸಬೇಕಿತ್ತು, ಅದೆಲ್ಲ ಒಳಗಿತ್ತು. ಈರಮ್ಮ ಅಳುದನಿಯಲ್ಲಿ, "ಅಕ್ಕಾ, ನನ್ನ ಮಷೀನ್ ಒಂದರ ಹೊರಗ ತಂದ್ಬಿಡ್ತೀವ್ರಿ. ಅದು ಹೋದ್ರ ನಾ ಊರಿಗೆ ಯಾ ಮಕ ಹೊತ್ಕೊಂಡು ಹೋಗ್ಲಿ?" ಎಂದಳು. "ನಾಕ್ ಮಂದಿ ಅದೀವಿ, ಒಂದೊಂದ ಎತ್ತಿದ್ರ ಆತು" ಎಂದಳು ಶಂಷಾದ್. ಪವರ್ ಮಷೀನು ಮೇಜಿನ ಸಮೇತ ಎತ್ತಲು ನಾಲ್ವರು ಬೇಕು. ನಾಲ್ವರೂ ತೊಲೆಯ ಕೆಳಗೇ ನಿಲ್ಲಬೇಕು.

ಅಕ್ಕ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತರು. "ಬ್ಯಾಡ್ರೆ. ನನ್ನ ಮಾತು ಕೇಳ್ರೆ."

ಗದ್ದಲ ಕೇಳಿ ಎದುರು ಮನೆಯಿಂದ ತಿಪ್ಪೇಸ್ವಾಮಿ ತಾತ ಹೊರಬಂದರು, ಮೈದುನರೂ ಬಂದರು. ಮೈದುನ ವಿಷಯ ತಿಳಿದು ಮಾಳಿಗೆಯ ಕಡೆ ಕಣ್ಣು ಕಿರಿದು ಮಾಡಿ ನೋಡಿ, "ಅತ್ತಿಗಿ, ಮನಿ ನಿಂತೈತಲ್ಲ, ಕಾಣವಲ್ದೇನು? ಹುಚ್ಚು ಹಿಡೀತೇನು ನಿನಗ? ಸರಿ ಆಕಡೆ. ನಡೀರವ್ವಾ, ನಾನೂ ಒಂದು ಕೈ ಹಿಡೀತೀನಿ" ಎಂದರು. ಅಕ್ಕನ ಕೈಯನ್ನು ಬದಿಗೆ ಸರಿಸಿ ಬಲಗಾಲನ್ನು ಹೊಸ್ತಿಲ ಒಳಗೆ ಇಟ್ಟರು. ಅವರ ಹಿಂದೆಯೇ ಸುಜಾತಾ. ನಾನು ಅವಳ ಸೆರಗು ಹಿಡಿದಿದ್ದೆ. ಅವಳು, "ಬಿಡ್ರಿ" ಎಂದು ಕೊಸರುತ್ತಿದ್ದಳು.

ಅಕ್ಕನ ದನಿ ಅಲ್ಲಿ ಬದಲಾಯಿತು. ತಣ್ಣಗಾಯಿತು.

"ಆತಪಾ, ತಗೀರಿ. ಆದ್ರ ಕಂಬ ದಾರಿಗೆ ಅಡ್ಡ ಐತಿ, ಮಷೀನ್ ಹಾಯಂಗಿಲ್ಲ. ಮೊದಲು ಅದನ್ನ ಸರಿಸಿ ಬರ್ತೀನಿ. ಅಲ್ಲೀತನಕ ಓಣ್ಯಾಗ ನಿಲ್ರಿ."

ಮಾತು ಸರಿಯಾಗಿಯೇ ಇತ್ತು. ಮೈದುನ ಕಾಲು ಹಿಂದೆ ತೆಗೆದರು. ಅಕ್ಕ ನನ್ನ ಸೈಕಲ್ಲಿನ ಕ್ಯಾರಿಯರಿನಿಂದ ಬಂಡಲು ಕಟ್ಟುವ ಹಗ್ಗ ಬಿಚ್ಚಿಕೊಂಡು ಒಬ್ಬರೇ ಒಳಗೆ ಹೋದರು. ಕಂಬದ ಬುಡಕ್ಕೆ ಎರಡು ಸುತ್ತು ಹಾಕಿ ಗಂಟು ಬಿಗಿದರು. ಅವಸರ ಮಾಡಲಿಲ್ಲ. ಎದ್ದು ಒಂದು ಸಲ ತೊಲೆಯ ಕಡೆ ನೋಡಿದರು. ಆಮೇಲೆ ಹಗ್ಗ ಬಿಡುತ್ತಾ ಹಿಂದೆ ಹಿಂದೆ ನಡೆದು ಬಂದರು. ಮುಚ್ಚಳದ ಡಬ್ಬಿ ಬಾಗಿಲ ಪಕ್ಕದಲ್ಲೇ ಇತ್ತು. ಅದನ್ನು ದಾಟಿಕೊಂಡು ಬಂದರು, ಎತ್ತಲಿಲ್ಲ. ಎತ್ತಿದ್ದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಅವರು ಏನು ಮಾಡಲಿದ್ದಾರೆ ಎಂಬುದು ನನಗೊಬ್ಬನಿಗೆ ಆ ಕ್ಷಣ ಹೊಳೆಯಿತು ಅಂದುಕೊಂಡಿದ್ದೇನೆ. ನಾನು ಸುಜಾತಾಳ ಸೆರಗನ್ನು ಕೈಗೆ ಸುತ್ತಿಕೊಂಡೆ.

ಹೊರಗೆ ಬಂದು ಹೊಸ್ತಿಲಿಗೆ ಪಾದ ಒತ್ತಿ ಅಕ್ಕ ಜಗ್ಗಿದರು. ಕಂಬ ಅಲ್ಲಾಡಲಿಲ್ಲ. ಎರಡನೇ ಸಲ ಇಡೀ ಮೈ ಹಿಂದಕ್ಕೆ ಚೆಲ್ಲಿ ಜಗ್ಗಿದರು. ಜಾಕಿ ಬಂಡೆಯ ಮೇಲೆ ಕಿರುಗುಟ್ಟಿ ವಾಲಿತು, ಕಂಬ ಬಿತ್ತು.

ತೊಲೆ ನಿಂತೇ ಇತ್ತು.

ಇದನ್ನೂ ಬರೆಯಬೇಕು, ಯಾಕೆಂದರೆ ಮೈದುನ ಇದನ್ನೇ ಹೇಳುತ್ತಾರೆ. ಆಸರೆ ಹೋದ ಮೇಲೂ ತೊಲೆ ನಿಂತಿತ್ತು. "ನೋಡು, ನಿನ್ನ ಕಂಬ ಇಲ್ದನ ನಿಂತೈತಿ" ಎಂದು ಅವರು ನಕ್ಕರು. ಆ ನಗು ಮುಗಿಯಲಿಲ್ಲ. ನಡುವಿನಿಂದ ತೊಲೆ ಕೆಳಮುಖವಾಗಿ ಮಡಚಿಕೊಂಡಿತು, ಜಂತಿಗಳು ಒಂದರ ಹಿಂದೆ ಒಂದು ಬಂದವು, ಅಷ್ಟು ವರ್ಷದ ಮಣ್ಣು ಒಟ್ಟಿಗೆ ಇಳಿಯಿತು. ಬಾಗಿಲಿನಿಂದ ಧೂಳು ನಮ್ಮ ಮುಖಕ್ಕೆ ಹೊಡೆಯಿತು. ಕಣ್ಣು ಬಿಟ್ಟಾಗ ಪಡಸಾಲೆಯಲ್ಲಿ ಆಕಾಶ ಕಾಣುತ್ತಿತ್ತು. ಅಕ್ಕ ಹಗ್ಗ ಹಿಡಿದುಕೊಂಡೇ ನೆಲದ ಮೇಲೆ ಕೂತಿದ್ದರು.

ಮೊದಲು ಬೈದವಳು ಈರಮ್ಮ. ಮಣ್ಣೆರಚಿ ಬೈದಳು. ಅಕ್ಕ ಕೇಳಿಸಿಕೊಂಡರು. ನಿಂತ ಮನೆಯನ್ನು ಕೆಡವಿದಳೆಂದು ಮೈದುನ ಊರಿಗೆಲ್ಲ ಹೇಳಿದರು, ಗಂಡನೂ ಹಾಗೇ ನಂಬಿದರು, ಹಬ್ಬಕ್ಕೆ ಬಂದವರು ಮಾತಾಡದೆ ವಾಪಸು ಹೋದರು. "ಬೀಳೋದಿತ್ತು. ಯಾವಾಗ ಅಂಬೋದು ಅಷ್ಟ ನಾ ಹೇಳಿದೆ" ಎಂದು ಅಕ್ಕ ಒಂದೇ ಸಲ ಅಂದದ್ದು ಕೇಳಿದ್ದೇನೆ. ಅವಶೇಷದ ಹತ್ತಿರ ಮಾತ್ರ ಅವರು ಮತ್ತೆ ಹೋಗಲಿಲ್ಲ. ಮಣ್ಣು ತೆಗೆದವರು ನಾವು. ನಾಲ್ಕು ಮಷೀನಿನ ತಲೆಗಳೂ ನೆಲಕ್ಕೆ ಹೂತು ಹೋಗಿದ್ದವು. ಸುಜಾತಾಳ ಸ್ಟೂಲು ಸಿಗಲೇ ಇಲ್ಲ, ಅದರ ಚೂರುಗಳು ಸಿಕ್ಕವು. ಅದನ್ನು ನೋಡಿದ ದಿನದಿಂದ ಈರಮ್ಮ ಬೈಯುವುದನ್ನು ಬಿಟ್ಟಳು. ನಾನಂತೂ ಇವತ್ತಿಗೂ ಯಾರ ಮನೆಗೆ ಹೋದರೂ ಮೊದಲು ತಲೆ ಎತ್ತಿ ನೋಡುತ್ತೇನೆ, ಆಮೇಲೆ ಮನೆಯವರನ್ನು.

ಕೊನೆಯ ವರ್ಷಗಳಲ್ಲಿ ಅಕ್ಕ ಮಡಕಶಿರದ ಕಡೆ ಮಗಳ ಮನೆಯಲ್ಲಿದ್ದರು. ಒಮ್ಮೆ ನೋಡಲು ಹೋದೆ. ಆರ್‌ಸಿಸಿ ಮನೆ. ಸುತ್ತ ಹಿಪ್ಪುನೇರಳೆ ತೋಟ. ಮಗಳು ದೂರಿಕೊಂಡಳು: "ನೋಡಣ್ಣ, ಒಳಗೆ ಮಲಗು ಅಂದ್ರೆ ಮಲಗಲ್ಲ. ಚಳಿ ಇರ್ಲಿ, ಏನಾರ ಇರ್ಲಿ, ಜಗಲಿ ಮೇಲೇ ಮಲಗ್ತಾಳೆ. ಚಾವಣಿ ಸಿಮೆಂಟ್ ಗಿಲಾವಲ್ಲಿ ಕೂದ್ಲೆಳೆ ಬಿರುಕು ಕಂಡ್ರೂ ದಾರ ಅಂಟಿಸ್ತಾಳೆ ಕಣಣ್ಣ, ಬಂದೋರೆಲ್ಲ ಏನಿದು ಅಂತಾರೆ." ನಾನು ಚಾವಣಿ ನೋಡಿದೆ. ದಾರ ಇತ್ತು. ಬಿಳಿಯದು, ನೂಲಿನದು.

ಜಗಲಿಯಲ್ಲಿ ಇಬ್ಬರೇ ಕೂತಾಗ ಅಕ್ಕ ಕೇಳಿದರು. ನನ್ನ ಮುಖ ನೋಡಲಿಲ್ಲ.

"ತಮ್ಮಾ, ಅದು ಬೀಳ್ತಿತ್ತೇನು?"

ಎಷ್ಟೋ ವರ್ಷ ಅವರು ಇದನ್ನು ಹೊತ್ತುಕೊಂಡಿದ್ದರು ಎಂದು ಆಗ ಗೊತ್ತಾಯಿತು. ಖಂಡಿತ ಬೀಳುತ್ತಿತ್ತು ಎಂದುಬಿಡಬಹುದಿತ್ತು. ಆದರೆ ನೋಡದ್ದನ್ನು ಹೇಳಿದರೆ ಅವರು ನಂಬುವವರಲ್ಲ. ನೋಡಿದ್ದನ್ನು ಹೇಳಿದೆ. ಮಣ್ಣು ತೆಗೆಯುವಾಗ ಮುರಿದ ತೊಲೆಯ ತುದಿಯನ್ನು ನಾನು ನೀರು ಹಾಕಿ ತೊಳೆದು ನೋಡಿದ್ದೆ. ಮುರಿದ ಮುಖವೆಲ್ಲ ಕಪ್ಪಗೆ ಹಳೆಯದಾಗಿತ್ತು, ಅದರೊಳಗೆ ಗೆದ್ದಲಿನ ಮಣ್ಣು ತುಂಬಿತ್ತು. ಅವತ್ತು ಹೊಸದಾಗಿ ಮುರಿದ ಬಿಳಿ ಕಟ್ಟಿಗೆ ಮೇಲಂಚಿನಲ್ಲಿ ಒಂದು ಪಟ್ಟಿ ಮಾತ್ರ. "ಎರಡು ಬೆರಳಗಲ ಇತ್ರಿ ಅಕ್ಕಾ. ಇಡೀ ಮಾಳಿಗಿ ಅಷ್ಟರ ಮ್ಯಾಲ ನಿಂತಿತ್ತು. ಹಳದಿ ದಾರ ಆಮ್ಯಾಲೂ ಹರಿದಿರಲಿಲ್ಲ."

ಅಕ್ಕ ಬಲಗೈ ಎತ್ತಿ ಎರಡು ಬೆರಳು ಜೋಡಿಸಿ ಅದನ್ನೇ ನೋಡಿದರು. ಆಮೇಲೆ ಆ ಎರಡು ಬೆರಳನ್ನು ಎಡಗೈಯ ಮೇಲೆ ಅಡ್ಡ ಇಟ್ಟು ಅಳೆದರು. "ಎರಡು ಬೆರಳೇನು" ಎಂದರು. ಆ ರಾತ್ರಿ ಒಳಗೆ ಮಲಗಿದರು ಎಂದು ಮಗಳು ಆಮೇಲೆ ಹೇಳಿದಳು. ನಾನು ಅದನ್ನು ನೋಡಿಲ್ಲ.

ಅವತ್ತು ಆ ಓಣಿಯಲ್ಲಿ ನನ್ನ ಜೊತೆ ನಿಂತು ಇದನ್ನೆಲ್ಲ ನೋಡಿದವರ ಪೈಕಿ ತಿಪ್ಪೇಸ್ವಾಮಿ ತಾತ ಈಗ ಇಲ್ಲ. ಉಳಿದವರು ಇದ್ದಾರೆ, ಕೇಳಬಹುದು. ನನ್ನ ಹೆಂಡತಿ ಸುಜಾತಾ ಇದ್ದಾಳೆ. ಶಂಷಾದ್ ಅದೇ ಓಣಿಯಲ್ಲಿ ಇದ್ದಾಳೆ. ಈರಮ್ಮ ಗುಮ್ಮಘಟ್ಟದಲ್ಲಿ ಮೊಮ್ಮಕ್ಕಳ ಜೊತೆ ಇದ್ದಾಳೆ. ಹೊಸ್ತಿಲ ಒಳಗೆ ಬಲಗಾಲಿಟ್ಟು ಹಿಂದೆ ತೆಗೆದವರು, ಅಕ್ಕನ ಮೈದುನ, ಅವರೂ ಬದುಕಿದ್ದಾರೆ.